ಚಿಕ್ಕಪ್ಪನ ಅಂಗಡಿಗೆ ಲಿನಕ್ಸ್ ಹಾಕಿದ್ದು

9 ನವೆಂಬರ್ 2025, ಭಾನುವಾರ

ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಇನ್ನೊಂದು ವರ್ಷ ಅಪ್‌ಡೇಟ್ ಪಡೆಯುವ ದಾರಿ ಇದೆ, ಆಮೇಲೇನು? ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಚಿಕ್ಕಪ್ಪನ ಟೈಪಿಂಗ್ ಅಂಗಡಿಯದ್ದು ನಾಲ್ಕನೇ ತಲೆಮಾರಿನ ಐ3. ಬಾಡಿಗೆ ಕರಾರು, ಅಫಿಡವಿಟ್, ಕ್ರಯಪತ್ರ ಎಲ್ಲ ಅದರಲ್ಲೇ ಆಗುತ್ತೆ. ಚೆನ್ನಾಗಿ ಓಡುತ್ತಿರುವ ಮೆಷಿನ್ನನ್ನು ಗುಜರಿಗೆ ಹಾಕೋದು ನನಗಂತೂ ಸರಿ ಕಾಣಲಿಲ್ಲ. ಇವತ್ತು ಅಂಗಡಿಗೆ ರಜೆ, ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ 22.2 ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದೆವು. ಇದಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತೆ.

ಫೈರ್‌ಫಾಕ್ಸ್, ವಿಎಲ್‌ಸಿ ಇಲ್ಲೂ ಅವೇ. ವರ್ಡ್ ಬದಲಿಗೆ ಲಿಬ್ರೆಆಫೀಸ್ ರೈಟರ್ ಮಿಂಟ್ ಜೊತೆಗೇ ಬರುತ್ತೆ.

ಚಿಂತೆ ಇದ್ದದ್ದು ಕನ್ನಡ ಟೈಪ್ ಮಾಡುವ ತಂತ್ರಾಂಶ ನುಡಿಯದ್ದು. ಚಿಕ್ಕಪ್ಪ ಕೀಲಿಮಣೆ ನೋಡದೆ ಟೈಪ್ ಮಾಡುವವರು. "ಹೊಸ ಕೀಬೋರ್ಡ್ ಕಲಿ ಅಂದ್ರೆ ನನ್ ಕೈಲಿ ಆಗಲ್ಲಪ್ಪ" ಅಂತ ಮೊದಲೇ ಹೇಳಿಬಿಟ್ಟಿದ್ದರು. ನುಡಿ ತಂತ್ರಾಂಶ ವಿಂಡೋಸ್‌ಗೆ ಮಾಡಿದ್ದು, ನಿಜ. ಆದರೆ ಅದರ ಕೀಲಿಮಣೆ, ಅಂದರೆ ಕನ್ನಡ ಗಣಕ ಪರಿಷತ್ತಿನ ವಿನ್ಯಾಸ, ಲಿನಕ್ಸ್‌ನಲ್ಲೂ ಇದೆ, ಬಿಡಿಗಾಸು ಕೊಡಬೇಕಿಲ್ಲ. ಬೇರೆ ಬೇರೆ ಭಾಷೆ ಟೈಪ್ ಮಾಡೋಕೆ ಬಳಸುವ ಐಬಸ್, ಅದರ ಎಂ17ಎನ್ ಪ್ಯಾಕೇಜ್ ಎರಡನ್ನೂ ಹಾಕಿ, ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಅಂತಿರುವುದನ್ನು ಆರಿಸಿಕೊಂಡರೆ ಆಯ್ತು. ಚಿಕ್ಕಪ್ಪ ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರು, "ಕನ್ನಡ" ಅಂತ ಬಂತು. ಒತ್ತಕ್ಷರಕ್ಕೆ ಅದೇ ಎಫ್. ಆಮೇಲೆ ನನ್ನ ಕಡೆ ತಿರುಗಿಯೂ ನೋಡದೆ ಒಂದು ಚೆಕ್ಕುಬಂದಿ ಪೂರ್ತಿ ಟೈಪ್ ಮಾಡಿದರು. ನನಗೆ ಎಷ್ಟು ಖುಷಿಯಾಯ್ತು ಅಂದರೆ!

ಹಳೇ ಫೈಲುಗಳದ್ದು ಬೇರೆ ಕಥೆ. ಅವು ಎಲ್ಲ ಕಂಪ್ಯೂಟರಲ್ಲೂ ಕನ್ನಡವಾಗೇ ಉಳಿಯುವ ಯುನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಆಸ್ಕಿ ನುಡಿ. ತೆರೆದರೆ ಪೌಂಡ್ ಗುರುತು, ತಲೆ ಮೇಲೆ ಗೀಟಿರುವ ಇಂಗ್ಲಿಷ್ ಅಕ್ಷರ. ನುಡಿಯ ಟಿಟಿಎಫ್ ಫಾಂಟುಗಳನ್ನು ಕಾಪಿ ಮಾಡಿ ಹಾಕಿದ ಮೇಲೆ ಓದೋಕೆ ಬಂತು, ಪ್ರಿಂಟೂ ಸರಿಯಾಗಿದೆ. ಆದರೂ ಯುನಿಕೋಡ್‌ಗೆ ಬದಲಾಯಿಸಿಕೊಳ್ಳೋದೇ ಒಳ್ಳೇದು, ಇಲ್ಲದಿದ್ದರೆ ಫೈಲಿನೊಳಗೆ ಒಂದು ಹೆಸರು ಹುಡುಕೋಕೂ ಆಗಲ್ಲ. ಬದಲಾಯಿಸಿದ ಮೇಲೆ ಅರ್ಕಾವತ್ತು ಇರುವ ಕಡೆ ಕಣ್ಣಿಟ್ಟು ನೋಡಬೇಕು, ಯಾಕಂದ್ರೆ ಆಸ್ಕಿಯಲ್ಲಿ ಅದು ಅಕ್ಷರದ ನಂತರ ಕೂತಿರುತ್ತೆ, ಯುನಿಕೋಡ್‌ನಲ್ಲಿ ಮುಂಚೆ ಬರಬೇಕು. ಕ್ರಯಪತ್ರದಲ್ಲಿ "ಸರ್ವೆ ನಂಬರ್" ಎಷ್ಟು ಸಲ ಬರುತ್ತೆ, ಯೋಚನೆ ಮಾಡಿ. ಫಾಂಟಿಗೆ ಗುಬ್ಬಿ, ನವಿಲು, ನೋಟೊ ಇವೆ. ಚಿಕ್ಕಪ್ಪ ನೋಟೊ ಸೆರಿಫ್ ಒಪ್ಪಿದರು.

ಪುಟ ವಿನ್ಯಾಸದ ಹಳೇ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ ಮಾಡಿಟ್ಟ ಮದುವೆ ಕಾಗದಗಳನ್ನು ಇನ್ನೂ ಮುಟ್ಟಿಲ್ಲ. ಅವನ್ನು ಅದೇ ಕೆಲಸಕ್ಕಿರುವ ಉಚಿತ ತಂತ್ರಾಂಶ ಸ್ಕ್ರೈಬಸ್‌ನಲ್ಲಿ ಹೊಸದಾಗಿ ಕೂರಿಸೋದೇ ವಾಸಿ. ಅದರ 1.6ರಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತೆ.

ನೀವೂ ಬದಲಾಗೋ ಯೋಚನೆಯಲ್ಲಿದ್ದರೆ ಸುಮ್ನೆ ಒಂದೇ ಏಟಿಗೆ ಎಲ್ಲ ಅಳಿಸಬೇಡಿ. ಲಿಬ್ರೆಆಫೀಸ್, ಚಿತ್ರ ತಿದ್ದುವ ಗಿಂಪ್, ಸ್ಕ್ರೈಬಸ್ ಮೂರೂ ವಿಂಡೋಸ್‌ಗೂ ಸಿಗುತ್ತವೆ, ಮೊದಲು ಅಲ್ಲೇ ಕೈ ಪಳಗಿಸಿಕೊಳ್ಳಿ. ಮಿಂಟನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ ಪ್ರಿಂಟರ್, ಸ್ಕ್ಯಾನರ್ ನೋಡಿಕೊಳ್ಳಬಹುದು. ನಾಳೆ ಸಂಜೆ ಬಾಡಿಗೆ ಕರಾರಿನ ನಮೂನೆಗಳನ್ನು ಯುನಿಕೋಡ್‌ಗೆ ತರೋದಕ್ಕೆ ಕೂರ್ತೀವಿ, ಗಿರಾಕಿಗಳು ಜಾಸ್ತಿ ಕೇಳೋದು ಅವನ್ನೇ.