ಹತ್ತು ಪೌಂಡ್ ನೋಟಿನ ಮೇರಿ

ಹೋದ ತಿಂಗಳು ಲಂಡನ್ನಿಗೆ ಹೋದಾಗ ಒಂದು ಅಂಗಡೀಲಿ ಹಾಲು ಬ್ರೆಡ್ ತಗೊಂಡು ಹತ್ತು ಪೌಂಡ್ ಕೊಟ್ಟೆ, ಕೌಂಟರ್ ಹುಡುಗ ನೋಟನ್ನ ಹಿಂದೆ ಮುಂದೆ ತಿರುಗಿಸಿ ನೋಡಿ ಬೇರೆ ಇದ್ರೆ ಕೊಡಿ ಅಂದ. ಕಳ್ಳನೋಟಲ್ಲ ಮಾರಾಯ್ರೆ, ಸ್ಕಾಟ್ಲೆಂಡಿಂದು! ಸ್ಕಾಟ್ಲೆಂಡಿನ ಕೆಲವು ಬ್ಯಾಂಕುಗಳು ತಮ್ಮದೇ ನೋಟು ಪ್ರಿಂಟ್ ಮಾಡ್ತವೆ.

ಆ ನೋಟಲ್ಲಿ ರಾಜ ರಾಣಿ ಯಾರೂ ಇಲ್ಲ, ಇರೋದು ಗಣಿತ, ವಿಜ್ಞಾನದ ಪುಸ್ತಕ ಬರೆದ ಮೇರಿ ಸಮರ್‌ವಿಲ್, ಹಿಂದುಗಡೆ ಎರಡು ನೀರುನಾಯಿ. ನೋಟಲ್ಲಿ ಯಾರ ಚಿತ್ರ ಹಾಕೋದು ಅಂತ 2016ರಲ್ಲಿ ಜನರ ವೋಟಿಂಗ್ ಇತ್ತು, ಪಿಯುಸೀಲಿ ನಮ್ಮನ್ನ ಗೋಳು ಹುಯ್ಕೊಂಡ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ಲೂ ಈಕೆ ಮುಂದೆ ಸೋತ, ನಂಗೆ ಸ್ವಲ್ಪ ಖುಷಿನೇ ಆಯ್ತು.

ಈಕೆ ಹುಟ್ಟಿದ್ದು 1780ರಲ್ಲಿ, ಬೆಳೆದಿದ್ದು ಬರ್ಂಟ್ಐಲ್ಯಾಂಡಲ್ಲಿ, ಎಡಿನ್‌ಬರಾದಿಂದ ಟ್ರೈನ್ ಹತ್ತಿ ಫೋರ್ತ್ ಸೇತುವೆ ದಾಟಿದ್ರೆ ಸಿಗೋ ಸಮುದ್ರದ ದಂಡೆ ಊರು. ಹುಡುಗೀರಿಗೆ ಯಾಕಪ್ಪಾ ಗಣಿತ ಅನ್ನೋ ಕಾಲ. ತಮ್ಮನ ಮೇಷ್ಟ್ರ ಕೈಲಿ ಯೂಕ್ಲಿಡ್‌ನ ರೇಖಾಗಣಿತದ ಪುಸ್ತಕ ತರಿಸ್ಕೊಂಡು ರಾತ್ರಿಯೆಲ್ಲಾ ಓದ್ತಾ ಕೂತಿದ್ಳು, ಮೇಣದಬತ್ತಿ ಬೇಗ ಬೇಗ ಖಾಲಿ ಆಗ್ತಿದೆ ಅಂತ ಕೆಲಸದವರು ಅಮ್ಮನಿಗೆ ಹೇಳಿಬಿಟ್ರು, ಮಲಗೋ ಹೊತ್ತಿಗೆ ಬತ್ತಿ ಕಿತ್ಕೊಂಡು ಹೋಗೋಕೆ ಶುರು ಮಾಡಿದ್ರು. ಅಷ್ಟೊತ್ತಿಗೆ ಆರು ಭಾಗ ಮುಗ್ಸಿದ್ದ ಈಕೆ ಕತ್ತಲಲ್ಲೇ ಮೊದಲಿಂದ ಒಂದೊಂದೇ ಲೆಕ್ಕ ಮನಸಲ್ಲೇ ಬಿಡಿಸ್ತಾ ಹೋದ್ಳು. ನಮ್ಮೂರಲ್ಲಿ ಕರೆಂಟ್ ಹೋದ್ರೆ ಓದೋದು ತಪ್ತು ಅಂತ ನಾವು ಜಗಲಿಗೆ ಓಡ್ತಿದ್ವಿ, ಅದು ಬೇರೆ ವಿಷಯ.

ಮೊದಲ ಗಂಡನಿಗೆ ಇದೆಲ್ಲ ಹಿಡಿಸ್ತಿರಲಿಲ್ಲ, ಆತ 1807ರಲ್ಲಿ ತೀರಿಹೋದ. ಎರಡನೇ ಗಂಡ ಡಾಕ್ಟ್ರು, ಈಕೆಗಾಗಿ ಲೈಬ್ರರಿ ಹುಡುಕೋದು, ಹಸ್ತಪ್ರತಿ ಕಾಪಿ ಮಾಡೋದು ಎಲ್ಲಾ ಮಾಡ್ತಿದ್ದ (ಇಂಥೋರು ಈಗ್ಲೂ ಕಮ್ಮಿನೇ ಬಿಡಿ). ಫ್ರಾನ್ಸಿನ ಲಾಪ್ಲಾಸ್ ಬರೆದ ಗ್ರಹಗಳ ಚಲನೆಯ ಕಷ್ಟದ ಗಣಿತವನ್ನ ಇಂಗ್ಲಿಷಿಗೆ ತಂದು, ವಿವರಣೆ ಸೇರಿಸಿ 1831ರಲ್ಲಿ ಪ್ರಿಂಟ್ ಮಾಡಿಸಿದಾಗ ಈಕೆಗೆ ಐವತ್ತು ದಾಟಿತ್ತು, ಆ ಪುಸ್ತಕ ಕೇಂಬ್ರಿಡ್ಜಲ್ಲಿ ಪಾಠಕ್ಕೆ ಬಂತು, ಅಲ್ಲಿ ಹುಡುಗೀರಿಗೆ ಇನ್ನೂ ಸೀಟೇ ಇರಲಿಲ್ಲ. ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಯೋರು ಈಕೆಯ ಅಮೃತಶಿಲೆ ಪ್ರತಿಮೆ ಮಾಡಿಸಿದ್ರು, ಆದ್ರೆ ಮೆಂಬರ್ ಮಾಡ್ಕೊಳ್ಳಲಿಲ್ಲ, ಗಂಡ ಮಾತ್ರ ಮೆಂಬರು! ಹೆಂಗಸರನ್ನ ಸೇರಿಸ್ಕೊಂಡಿದ್ದು 1945ರಲ್ಲಿ.

ಕಂಪ್ಯೂಟರಿನಂಥ ಯಂತ್ರದ ಕನಸು ಕಂಡ ಚಾರ್ಲ್ಸ್ ಬ್ಯಾಬೇಜನ್ನ, ಆ ಯಂತ್ರಕ್ಕೆ ಪ್ರೋಗ್ರಾಂ ಬರೆದ ಏಡಾ ಲವ್ಲೇಸ್‌ಗೆ ಪರಿಚಯ ಮಾಡಿಸಿದ್ದೂ ಇವಳೇ ಅಂತಾರೆ. 1872ರಲ್ಲಿ ನೇಪಲ್ಸಲ್ಲಿ ತೀರಿಹೋದಾಗ 91 ವರ್ಷ, ಆ ವಯಸ್ಸಲ್ಲೂ ಬೆಳಗ್ಗೆ ಹಾಸಿಗೇಲೇ ಕೂತು ಬೀಜಗಣಿತ ಓದ್ತಿದ್ಳಂತೆ.

ಲಂಡನ್ ಹುಡುಗನಿಗೆ ಇಷ್ಟೆಲ್ಲಾ ಹೇಳೋಣ ಅನ್ಕೊಂಡೆ, ಹಿಂದೆ ಕ್ಯೂ ಇತ್ತು, ಸುಮ್ನೆ ಕಾರ್ಡ್ ಕೊಟ್ಟೆ.