ಅಮೆರಿಕದಲ್ಲಿ ಕಟ್ಟಡದೊಳಗಿನ ರೇಡಿಯೋ ಕೆಲಸ: ಯಾವ ಸರ್ಟಿಫಿಕೇಟ್ ಬೇಕು?

ಧಾರವಾಡದ ಹಳೇ ಮಣ್ಣಿನ ಗೋಡೆಯ ಮನೆಗಳಲ್ಲಿ ಒಳಕೋಣೆಗೆ ಫೋನ್ ಸಿಗ್ನಲ್ ಬರುವುದಿಲ್ಲ. ಮಾತಾಡುತ್ತಲೇ ಎದ್ದು ಹೊರಗಿನ ಕಟ್ಟೆಗೆ ಬರುತ್ತೇವೆ. ಬೆಂಕಿ ಆರಿಸಲು ನೆಲಮಾಳಿಗೆಗೆ ಇಳಿದವರಿಗೆ ಹಾಗೆ ಹೊರಗೆ ಬಂದು ಮಾತಾಡುವ ಅವಕಾಶ ಇಲ್ಲ. ಇಲ್ಲಿ ಟೆಕ್ಸಸ್‌ನಲ್ಲಿ ನಾನು ಮಾಡುವ ಕೆಲಸ ಅವರಿಗಾಗಿಯೇ ಇರುವುದು. ಕಟ್ಟಡದ ತಾರಸಿ ಮೇಲೆ ಒಂದು ಆಂಟೆನಾ, ಅದು ಅಗ್ನಿಶಾಮಕ ದಳದ ಟವರ್ ಕಡೆಗೆ ಮುಖ ಮಾಡಿರುತ್ತದೆ. ಅಲ್ಲಿಂದ ಕೇಬಲ್, ನಡುವೆ ಸಿಗ್ನಲ್ ಹೆಚ್ಚಿಸುವ ಬಿಡಿಎ ಎಂಬ ಪೆಟ್ಟಿಗೆ, ಆಮೇಲೆ ಪ್ರತಿ ಮಹಡಿಯಲ್ಲೂ ಸಣ್ಣ ಸಣ್ಣ ಆಂಟೆನಾ.

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ 343 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಹೊರಗೆ ಬನ್ನಿ ಎಂಬ ಆದೇಶ ವರ್ಲ್ಡ್ ಟ್ರೇಡ್ ಸೆಂಟರ್‌ನ ಉತ್ತರ ಗೋಪುರದೊಳಗೆ ಇದ್ದ ಕೆಲವರಿಗೆ ರೇಡಿಯೋದಲ್ಲಿ ಕೇಳಿಸಲೇ ಇಲ್ಲ. ಇಂಟರ್‌ನ್ಯಾಷನಲ್ ಫೈರ್ ಕೋಡ್ ಎಂದರೆ ಇಲ್ಲಿನ ಅನೇಕ ಊರುಗಳು ಹಿಡಿಯುವ ಬೆಂಕಿ ಸುರಕ್ಷತೆಯ ನಿಯಮಾವಳಿ. ಅದರ 2009ರ ಆವೃತ್ತಿಯಲ್ಲಿ 510ನೇ ಸೆಕ್ಷನ್ ಬಂತು. ಕಟ್ಟಡದೊಳಗೆ ಅಗ್ನಿಶಾಮಕ ದಳದ ರೇಡಿಯೋ ಕೇಳಿಸಲೇಬೇಕು ಎನ್ನುವುದೇ ಅದರ ತಿರುಳು.

ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುತ್ತಿರುವ ಅಕ್ಕನ ಮಗ ಈ ಕೆಲಸದ ಬಗ್ಗೆ ಆಗಾಗ ಕೇಳುತ್ತಾನೆ. ‘ಮಾಮಾ, ಇಲ್ಲೇ ಕೂತು ಎಲ್ಲಾ ಸರ್ಟಿಫಿಕೇಟ್ ಮಾಡ್ಕೊಂಡು ಬಂದ್ರ ನಡೀತದೇನ್ರಿ?’

‘ಎಲ್ಲಾ ಆಗಂಗಿಲ್ಲೋ ತಮ್ಮಾ’ ಅಂದೆ. ಅವನಂಥ ಹುಡುಗರು ಗದಗ, ಹಾವೇರಿ ಕಡೆಯೂ ಇದ್ದಾರೆ. ಹಾಗಾಗಿ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಫೈರ್ ಕೋಡ್ ಎರಡು ಕಾಗದ ಕೇಳುತ್ತದೆ. ಮೊದಲನೆಯದು ರೇಡಿಯೋ, ಫೋನ್ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಸಿಸಿ ಕೊಡುವ ಜನರಲ್ ರೇಡಿಯೋಟೆಲಿಫೋನ್ ಆಪರೇಟರ್ ಲೈಸನ್ಸ್. ಎಲ್ಲರೂ ಗ್ರೋಲ್ ಅನ್ನುತ್ತಾರೆ. ಇದಕ್ಕೆ ಎರಡು ಪರೀಕ್ಷೆ. ಎಲಿಮೆಂಟ್ 1ರಲ್ಲಿ 24 ಪ್ರಶ್ನೆ, 18 ಸರಿ ಇರಬೇಕು. ಎಲಿಮೆಂಟ್ 3ರಲ್ಲಿ 100 ಪ್ರಶ್ನೆ, 75 ಸರಿ ಇರಬೇಕು. ಹಡಗು, ವಿಮಾನದ ರೇಡಿಯೋ ಬಗ್ಗೆಯೂ ಕೇಳುತ್ತಾರೆ, ಆದರೆ ಬಹುಪಾಲು ನಮ್ಮ ಪಾಲಿಟೆಕ್ನಿಕ್‌ನಲ್ಲಿ ಕಲಿಸುವ ಇಲೆಕ್ಟ್ರಾನಿಕ್ಸೇ. ಒಮ್ಮೆ ಪಾಸಾದರೆ ಜೀವಮಾನಪೂರ್ತಿ ನಡೆಯುತ್ತದೆ. ಪ್ರಶ್ನೆಗಳ ಪೂರ್ತಿ ಪಟ್ಟಿಯನ್ನು ಎಫ್‌ಸಿಸಿಯೇ ಪುಕ್ಕಟೆ ಕೊಟ್ಟಿದೆ, ಹುಬ್ಬಳ್ಳಿಯಲ್ಲೇ ಕೂತು ಓದಬಹುದು. ಆದರೆ ಲೈಸನ್ಸ್ ಪಡೆಯಲು ಅಮೆರಿಕದಲ್ಲಿ ಕೆಲಸ ಮಾಡುವ ಕಾನೂನಿನ ಅರ್ಹತೆ ಇರಬೇಕು. ವೀಸಾಕ್ಕೆ ಮೊದಲೇ ಇದನ್ನು ಕೊಡಿಸುತ್ತೇವೆ ಎಂದು ವಾಟ್ಸಾಪಿನಲ್ಲಿ ಯಾರಾದರೂ ದುಡ್ಡು ಕೇಳಿದರೆ ದಯವಿಟ್ಟು ಕೊಡಬೇಡಿ.

ಎರಡನೆಯದು ಈ ಕೆಲಸದ್ದೇ ತರಬೇತಿಯ ಪ್ರಮಾಣಪತ್ರ. ಒಪ್ಪಿಗೆ ಪಡೆದ ಸಂಸ್ಥೆಯದ್ದಾದರೂ ಆದೀತು, ಹಾಕುವ ಉಪಕರಣದ ಕಂಪನಿಯದ್ದಾದರೂ ಆದೀತು. ಕಂಪನಿಯ ಕಾಗದ ಬೇಗ ಸಿಗುತ್ತದೆ, ಆದರೆ ಅದು ಆ ಕಂಪನಿಯ ಪೆಟ್ಟಿಗೆಗೆ ಮಾತ್ರ. ತಂತ್ರಜ್ಞರಿಗೆ ಪ್ರಮಾಣಪತ್ರ ಕೊಡುವ ನೈಸೆಟ್ ಸಂಸ್ಥೆಯ ಕಾಗದಕ್ಕೆ ಹೆಚ್ಚು ಓದಬೇಕು, ಮಾಡಿದ ಕೆಲಸದ ಅನುಭವವನ್ನೂ ತೋರಿಸಬೇಕು. ನನ್ನ ಮಟ್ಟಿಗೆ ಕಷ್ಟಪಡುವುದಾದರೆ ಇದಕ್ಕೇ ಪಡಬೇಕು. ನಕ್ಷೆ ಹಾಕುವ ಕೆಲಸ ಇಷ್ಟ ಇದ್ದವರು ಕಟ್ಟಡದೊಳಗಿನ ಆಂಟೆನಾಗಳ ನಕ್ಷೆ ಬಿಡಿಸುವ ಐಬ್‌ವೇವ್ ಎಂಬ ಸಾಫ್ಟ್‌ವೇರಿನ ತರಬೇತಿಯನ್ನೂ ನೋಡಬಹುದು.

ನಮ್ಮ ಕಡೆ ಕೆಲಸ ಬಲ್ಲವನ ಕೈ ನೋಡುತ್ತಾರೆ, ಕಾಗದ ಕೇಳುವುದು ಕಡಿಮೆ. ಇಲ್ಲಿ ಯಾಕೆ ಇಷ್ಟು ಕಟ್ಟುನಿಟ್ಟು? ಗಣಪತಿ ಪೆಂಡಾಲಿನಲ್ಲಿ ಮೈಕು ಸ್ಪೀಕರ್ ಹತ್ತಿರ ಬಂದರೆ ಕುಂಯ್ ಅಂತ ಕೂಗುತ್ತದಲ್ವಾ? ತಾರಸಿ ಮೇಲಿನ ಆಂಟೆನಾ ಮತ್ತು ಒಳಗಿನ ಆಂಟೆನಾ ಒಂದರದ್ದು ಇನ್ನೊಂದಕ್ಕೆ ಕೇಳಿಸಿದರೆ ಬಿಡಿಎಯೂ ಹಾಗೇ ಕೂಗುತ್ತದೆ. ಕಿವಿಗೆ ಕೇಳಿಸುವುದಿಲ್ಲ, ಟವರ್‌ಗೆ ಕೇಳಿಸುತ್ತದೆ. ಆ ಗದ್ದಲದಲ್ಲಿ ಮೈಲಿಗಟ್ಟಲೆ ದೂರದ ಬೇರೊಂದು ಬೆಂಕಿಯಲ್ಲಿ ಇರುವವನ ದನಿ ಮುಚ್ಚಿಹೋಗಬಹುದು. ಒಂದು ಕಟ್ಟಡದಲ್ಲಿ ಮಾಡಿದ ಕೆಟ್ಟ ಕೆಲಸ ಇಡೀ ಊರಿನ ರೇಡಿಯೋ ಕೆಡಿಸುತ್ತದೆ. ಅದಕ್ಕೇ ಆ ತರಂಗಾಂತರದ ಲೈಸನ್ಸ್ ಇರುವವರ ಒಪ್ಪಿಗೆ ಇಲ್ಲದೆ ಪೆಟ್ಟಿಗೆಯ ಸ್ವಿಚ್ ಹಾಕುವಂತಿಲ್ಲ. ಈ ನಿಯಮಗಳು ನನಗೆ ಹೊರೆ ಅನ್ನಿಸುವುದಿಲ್ಲ. ಮೈಕು ಕಟ್ಟುವುದನ್ನು ನೋಡಿ ಕಲಿಯಬಹುದು, ಇದನ್ನು ಹಾಗೆ ಕಲಿಯಲು ಬಿಡಬಾರದು.

ಕಟ್ಟಡದಲ್ಲಿ ಹಾಕಿದ್ದನ್ನು ಪರೀಕ್ಷಿಸುವ ದಿನ ಪ್ರತಿ ಮಹಡಿಯನ್ನು ಸುಮಾರು 20 ಸಮ ಭಾಗ ಮಾಡಿ, ಒಂದೊಂದರಲ್ಲೂ ನಿಂತು ಅಳೆಯುತ್ತೇವೆ. ಕೋಡ್‌ನ ಹಳೇ ಆವೃತ್ತಿ ಹಿಡಿದ ಊರಿನಲ್ಲಿ ಎರಡು ಭಾಗದಲ್ಲಿ ಸಿಗ್ನಲ್ ಸಿಗದಿದ್ದರೆ ನಡೆಯುತ್ತದೆ, ಆದರೆ ಅವೆರಡೂ ಅಕ್ಕಪಕ್ಕ ಇರಬಾರದು. ಸಿಗ್ನಲ್ ಎಷ್ಟು ಬಲವಾಗಿದೆ ಎಂದು ಡಿಬಿಎಂ ಲೆಕ್ಕದಲ್ಲಿ ಅಳೆಯುತ್ತಾರೆ; ಬಹಳ ಕಾಲ ಎಲ್ಲರೂ ಹಿಡಿದ ಅಳತೆ ಮೈನಸ್ 95 ಡಿಬಿಎಂ. ಮೈನಸ್ 85 ಅದಕ್ಕಿಂತ ಒಳ್ಳೆಯದು, ಮೈನಸ್ 105 ಕೆಟ್ಟದ್ದು. ಈಗ ಬರೀ ಅಂಕಿ ಸಾಲದು, ದನಿ ಸ್ಪಷ್ಟವಾಗಿ ತಿಳಿಯುತ್ತದೆಯಾ ಎಂದೂ ನೋಡುತ್ತಾರೆ. ಮೆಟ್ಟಿಲು, ಪಂಪ್ ಕೋಣೆ, ಲಿಫ್ಟ್ ಎದುರಿನ ಜಾಗ ಬಂದಾಗ ಇನ್‌ಸ್ಪೆಕ್ಟರ್ ತಾವೇ ರೇಡಿಯೋ ಹಿಡಿದು ಮಾತಾಡಿ ನೋಡುತ್ತಾರೆ. ಮೆಟ್ಟಿಲಿನ ಕೆಳಗಿನ ತಿರುವಿನಲ್ಲಿ ಅವರ ದನಿ ಆ ಕಡೆ ಕೇಳಿ ಉತ್ತರ ಬಂದಾಗ ಆಗುವ ಸಂತೋಷವೇ ಬೇರೆ. ಕರೆಂಟ್ ಹೋದರೂ ಬ್ಯಾಟರಿ 12 ಗಂಟೆ ನಡೆಯಬೇಕು, ಕೆಲವು ಊರುಗಳಲ್ಲಿ 24 ಗಂಟೆ. ಇದೆಲ್ಲ ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆಯಾಗುತ್ತದೆ.

ಇನ್ನೊಂದು ಮಾತು. ಹುಬ್ಬಳ್ಳಿ-ಧಾರವಾಡದಷ್ಟು ಹತ್ತಿರ ಇರುವ ಎರಡು ಊರುಗಳಲ್ಲೂ ಇಲ್ಲಿ ನಿಯಮ ಬೇರೆ ಇರಬಹುದು. ಒಂದು ಊರು ಕೋಡ್‌ನ ಹಳೇ ಆವೃತ್ತಿ ಹಿಡಿದಿರುತ್ತದೆ, ಪಕ್ಕದ ಊರು ಹೊಸದನ್ನು. ಯಾವ ಕಾಗದ ನಡೆಯುತ್ತದೆ ಎಂದು ಹೇಳುವುದು ಆ ಊರಿನ ಫೈರ್ ಮಾರ್ಷಲ್, ಅಂದರೆ ಅಲ್ಲಿ ಫೈರ್ ಕೋಡ್ ಜಾರಿ ಮಾಡುವ ಅಧಿಕಾರಿ. ಫೀಸು ಕಟ್ಟುವ ಮೊದಲು ಅವರ ಕಚೇರಿಗೆ ಒಂದು ಮೇಲ್ ಹಾಕಿ ಕೇಳಿ.

ಅಕ್ಕನ ಮಗನಿಗೆ ಸದ್ಯ ಹೇಳಿದ್ದು ಇಷ್ಟೇ: ಡೆಸಿಬೆಲ್ ಲೆಕ್ಕ ಬಾಯಿಪಾಠ ಮಾಡದೆ ತಿಳಿದು ಮಾಡು, ಸಿಗ್ನಲ್ ಎರಡು ಕಡೆ ಹಂಚಿದರೆ 3 ಡಿಬಿ ಯಾಕೆ ಹೋಗುತ್ತದೆ ಎಂದು ಪೇಪರ್ ಮೇಲೆ ಬಿಡಿಸಿ ತೋರಿಸು, ಆಮೇಲೆ ಎಲಿಮೆಂಟ್ 3ರ ಪ್ರಶ್ನೆಗಳಲ್ಲಿ ಆಂಟೆನಾ ಭಾಗ ತೆಗೆದು ಕೂತುಕೋ.