ಗದಗದಿಂದ ರಾಣೇಬೆನ್ನೂರಿಗೆ: ಹಕ್ಕಿಗಳ ಹೊತ್ತು ನೋಡಿಕೊಂಡು ಹೊರಡಿ

ಹಂಪಿಗೆ ಹೋಗುವವರು ಗದಗ ದಾಟಿ ಹೋಗುತ್ತಾರೆ. ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಗೆ ಹೋಗುವವರು ರಾಣೇಬೆನ್ನೂರು, ಹಾವೇರಿ, ಬಂಕಾಪುರ ದಾಟಿ ಹೋಗುತ್ತಾರೆ. ಈ ಎರಡು ಹೆದ್ದಾರಿಗಳ ನಡುವಿನ ಊರುಗಳಲ್ಲಿ ಇಳಿದು ನೋಡುವವರು ಕಮ್ಮಿ. ಬಯಲುಸೀಮೆ, ಒಣ ನೆಲ, ನೋಡೋಕೆ ಏನಿದೆ ಅಂತ ಅನಿಸಬಹುದು. ಆದರೆ ಇಲ್ಲಿ ಹಿಮಾಲಯ ದಾಟಿ ಬರುವ ಹಕ್ಕಿಗಳ ಕೆರೆ ಇದೆ. ಹಳೇ ಕೋಟೆಯೊಳಗೆ ನವಿಲುಧಾಮ ಇದೆ. ಕೃಷ್ಣಮೃಗದ ಹಿಂಡು ಇದೆ. ಸಾವಿರ ವರ್ಷ ಹಳೆಯ ಗುಡಿಗಳಂತೂ ಊರೂರಿಗೆ ಇವೆ. ಗದಗದಲ್ಲಿ ಶುರುಮಾಡಿ ಲಕ್ಕುಂಡಿ, ಡಂಬಳ, ಮಾಗಡಿ, ಲಕ್ಷ್ಮೇಶ್ವರ, ಸವಣೂರು, ಬಂಕಾಪುರ, ಹಾವೇರಿ, ಬ್ಯಾಡಗಿ ನೋಡಿಕೊಂಡು ರಾಣೇಬೆನ್ನೂರಿನಲ್ಲಿ ನಾವು ಪ್ರವಾಸ ಮುಗಿಸಿದೆವು. ಈ ದಾರಿ ಹಿಡಿಯುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಮೊದಲು ಹೇಳಿಬಿಡುತ್ತೇನೆ. ಮ್ಯಾಪ್ ನೋಡಿ ಹತ್ತಿರದ್ದು ಮೊದಲು, ದೂರದ್ದು ಆಮೇಲೆ ಅಂತ ಪಟ್ಟಿ ಮಾಡಬೇಡಿ. ಹಕ್ಕಿ, ನವಿಲು, ಜಿಂಕೆ ಯಾವ ಹೊತ್ತಿಗೆ ಹೊರಬರುತ್ತವೆ ಅನ್ನುವುದನ್ನು ನೋಡಿ ದಿನ ಹೊಂದಿಸಿಕೊಳ್ಳಿ. ಬೆಳಗಿನ ಜಾವ ಮತ್ತು ಸಂಜೆ ಅವುಗಳಿಗೆ. ನಡುವಿನ ಬಿಸಿಲಿನ ಹೊತ್ತು ಗುಡಿಗಳಿಗೆ, ಊಟಕ್ಕೆ. ಮಧ್ಯಾಹ್ನ ಹನ್ನೆರಡಕ್ಕೆ ಬಂಕಾಪುರಕ್ಕೆ ಹೋಗಿ "ಒಂದೂ ನವಿಲಿಲ್ಲ" ಅಂತ ವಾಪಸ್ ಹೋಗುವ ಕಾರುಗಳನ್ನು ನಾವೇ ನೋಡಿದೆವು. ಪಾಪ, ಅಷ್ಟು ದೂರದಿಂದ ಬಂದಿರುತ್ತಾರೆ.

ಕಾಲ ಅಂದರೆ ಡಿಸೆಂಬರ್, ಜನವರಿ. ನವೆಂಬರ್ ಕೊನೆಯಿಂದ ಫೆಬ್ರುವರಿ ಮಧ್ಯದವರೆಗೂ ನಡೆಯುತ್ತದೆ. ಮಾರ್ಚ್ ಬಂತೆಂದರೆ ಮಾಗಡಿಯ ಹಕ್ಕಿಗಳು ಹೊರಟುಬಿಡುತ್ತವೆ, ಬಿಸಿಲೂ ಜೋರು.

ಗದಗದಲ್ಲಿ ಉಳಿಯುವುದು ಸುಲಭ. ಬಸ್‌ ಸ್ಟ್ಯಾಂಡ್, ಸ್ಟೇಷನ್ ಸುತ್ತಮುತ್ತ ಸಾಕಷ್ಟು ಲಾಡ್ಜ್‌ಗಳಿವೆ. ಊರೊಳಗೆ ತ್ರಿಕೂಟೇಶ್ವರ ಗುಡಿ, ಅದರ ಆವರಣದಲ್ಲೇ ಇರುವ ಸರಸ್ವತಿ ಗುಡಿ, ಆಮೇಲೆ ಕುಮಾರವ್ಯಾಸ ಕೂತು ಭಾರತ ಬರೆದ ಅಂತ ಜನ ನಂಬುವ ವೀರನಾರಾಯಣ ಗುಡಿ. ಸರಸ್ವತಿ ಗುಡಿಯ ಕಂಬಗಳನ್ನು ಹತ್ತಿರ ಹೋಗಿ ನೋಡಿ. ಇವಿಷ್ಟಕ್ಕೆ ಒಂದು ಬೆಳಗು ಸಾಕು.

ಲಕ್ಕುಂಡಿಗೆ ಮಾತ್ರ ಅರ್ಧ ದಿನ ಇಟ್ಟುಕೊಳ್ಳಿ. ಗದಗದಿಂದ ಹೊಸಪೇಟೆ ರಸ್ತೆಯಲ್ಲಿ 12 ಕಿಲೋಮೀಟರ್. ನೂರೊಂದು ಗುಡಿ, ನೂರೊಂದು ಬಾವಿ ಅಂತ ಊರವರು ಹೇಳುವ ಊರು. ಗುಡಿಗಳೆಲ್ಲ ಒಂದೇ ಕಾಂಪೌಂಡಿನಲ್ಲಿ ಇಲ್ಲ. ಮನೆಗಳ ನಡುವೆ, ಓಣಿಯ ತಿರುವಿನಲ್ಲಿ, ಕೊಟ್ಟಿಗೆ ಪಕ್ಕದಲ್ಲಿ ಇವೆ. ಹಾಗಾಗಿ ಕಾರನ್ನು ಒಂದು ಕಡೆ ನಿಲ್ಲಿಸಿ ನಡೆದುಕೊಂಡೇ ಹೋಗಿ. ಬ್ರಹ್ಮ ಜಿನಾಲಯ 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ್ದು. ಪುಸ್ತಕಗಳನ್ನು ಸಾವಿರ ಪ್ರತಿ ಬರೆಸಿ ಹಂಚಿದ ದಾನಚಿಂತಾಮಣಿ ಇದೇ ತಾಯಿ. ಛಾಪಖಾನೆ ಇಲ್ಲದ ಕಾಲದಲ್ಲಿ ತಾಳೆಗರಿಯ ಮೇಲೆ ಸಾವಿರ ಪ್ರತಿ ಅಂದರೆ ಸುಮ್ನೆ ಮಾತಲ್ಲ. ಒಳಗೆ ನಾಲ್ಕು ಮುಖದ ಬ್ರಹ್ಮನ ನಿಂತ ವಿಗ್ರಹವಿದೆ. ಅದನ್ನು ಬಿಡಬೇಡಿ. ಕಾಶಿ ವಿಶ್ವನಾಥ ಗುಡಿಯಲ್ಲಿ ಶಿವನ ಗುಡಿಗೆ ಎದುರಾಗಿ ಸೂರ್ಯನ ಗುಡಿ ಇದೆ. ಅಲ್ಲಿಯ ಬಾಗಿಲವಾಡದ ಮುಂದೆ ನಾವು ತುಂಬಾ ಹೊತ್ತು ನಿಂತಿದ್ದೆವು. ಒಂದರ ಪಕ್ಕ ಒಂದು ಪಟ್ಟಿ, ಪ್ರತಿ ಪಟ್ಟಿಯಲ್ಲೂ ಬೇರೆ ಕೆತ್ತನೆ. ಬಳ್ಳಿ ಸುತ್ತಿಕೊಂಡು ಮೇಲೆ ಹೋಗುತ್ತದೆ, ಅದರ ಸಂದಿಯಲ್ಲಿ ಬೆರಳುಗಾತ್ರದ ಆಕೃತಿಗಳು. ಕಲ್ಲಿನ ಹಿಂದೆ ಬೆರಳು ತೂರುವಷ್ಟು ಜಾಗ ಬಿಟ್ಟು ಕೊರೆದಿದ್ದಾರೆ. ಮುಟ್ಟಬೇಡಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ನೆರಳು ಬಿದ್ದಾಗ ಕೆತ್ತನೆಯ ಆಳ ಗೊತ್ತಾಗುತ್ತದೆ.

ಮಣಿಕೇಶ್ವರ ಗುಡಿ ಪಕ್ಕದ ಮುಸುಕಿನ ಬಾವಿಗೆ ಮೂರು ಕಡೆಯಿಂದ ಮೆಟ್ಟಿಲು. ಗೋಡೆಗಳಲ್ಲಿ ಸಣ್ಣ ಸಣ್ಣ ಗುಡಿಯಂಥ ಗೂಡುಗಳು. ಮೆಟ್ಟಿಲುಗಳು ಕಡಿದಾಗಿವೆ, ನೀರಿನ ಹತ್ತಿರ ಪಾಚಿ. ನಮ್ಮ ಜೊತೆ ಬಂದಿದ್ದ ಅತ್ತೆಗೆ ಮೊಣಕಾಲು ನೋವು. ಅವರು ಮೇಲಿನ ಕಟ್ಟೆಯಲ್ಲೇ ಕೂತು ನೋಡಿದರು, ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ. ವಯಸ್ಸಾದವರನ್ನು, ಮಕ್ಕಳನ್ನು ಕೆಳಗೆ ಇಳಿಸುವುದು ಬೇಡ.

ಡಂಬಳ ಗದಗದಿಂದ ಸುಮಾರು 20 ಕಿಲೋಮೀಟರ್. ದೊಡ್ಡಬಸಪ್ಪನ ಗುಡಿಯ ಹೊರಗೋಡೆ 24 ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ಒಳಗೆ ಹೋಗುವ ಮೊದಲು ಒಂದು ಸುತ್ತು ಹಾಕಿ. ಎಲ್ಲಿ ನಿಂತರೂ ಗೋಡೆ ನೇರವಾಗಿ ಕಾಣುವುದಿಲ್ಲ, ಬಿಸಿಲು ನೆರಳು ಪಟ್ಟೆಪಟ್ಟೆಯಾಗಿ ಬೀಳುತ್ತದೆ. ಡಂಬಳದ ಆಚೆ ಕಪ್ಪತಗುಡ್ಡದ ಸಾಲು. ಔಷಧಿ ಗಿಡಗಳಿಗೆ ಹೆಸರಾದ ಈ ಗುಡ್ಡದಲ್ಲಿ ಕಬ್ಬಿಣದ ಅದಿರೂ ಇದೆ. ಗಣಿಗಾರಿಕೆ ಬೇಡ ಅಂತ ಗದಗದ ಜನ, ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಜೊತೆ ನಿಂತು ವರ್ಷಗಟ್ಟಲೆ ಹೋರಾಡಿದರು. 2019ರಲ್ಲಿ ಇದು ವನ್ಯಜೀವಿ ಧಾಮ ಆಯಿತು. ನನ್ನ ಸಲಹೆ: ಕಪ್ಪತಗುಡ್ಡವನ್ನು ಈ ಚಳಿಗಾಲದ ಪ್ರವಾಸಕ್ಕೆ ಸೇರಿಸಬೇಡಿ. ಡಿಸೆಂಬರ್ ಹೊತ್ತಿಗೆ ಹುಲ್ಲು ಒಣಗಿರುತ್ತದೆ. ಮಳೆ ಬಿದ್ದ ಮೇಲೆ, ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಅದಕ್ಕಾಗಿಯೇ ಒಮ್ಮೆ ಬನ್ನಿ. ಎಲ್ಲಿಯವರೆಗೆ ಬಿಡುತ್ತಾರೆ ಅಂತ ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಳ್ಳಿ.

ಈಗ ಮಾಗಡಿ. ಬೆಂಗಳೂರಿನ ಹತ್ತಿರದ ಮಾಗಡಿ ಅಲ್ಲ, ಮ್ಯಾಪಿನಲ್ಲಿ ಹುಡುಕುವಾಗ ಶಿರಹಟ್ಟಿ ತಾಲ್ಲೂಕು ಅಂತ ನೋಡಿಕೊಳ್ಳಿ. ಗದಗದಿಂದ ಸುಮಾರು 26 ಕಿಲೋಮೀಟರ್, ಲಕ್ಷ್ಮೇಶ್ವರದಿಂದ 8. ಊರ ಕೆರೆ, ದೊಡ್ಡದೇನಲ್ಲ. ಆದರೆ 2024ರಲ್ಲಿ ಇದಕ್ಕೆ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಕೆರೆ, ಜೌಗು ಪ್ರದೇಶಗಳ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಕಾರಣ ಗೀರುತಲೆಯ ಹೆಬ್ಬಾತು. ಬೂದು ಮೈ, ಬಿಳಿ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಗೀರು. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಚಳಿಗಾಲಕ್ಕೆ ಹಿಮಾಲಯದ ಮೇಲೆ ಹಾರಿ ಬರುತ್ತವೆ. ಅಷ್ಟು ಎತ್ತರದ ತೆಳು ಗಾಳಿಯಲ್ಲೂ ಆಮ್ಲಜನಕ ಹಿಡಿದುಕೊಳ್ಳುವ ಶಕ್ತಿ ಅವುಗಳ ರಕ್ತಕ್ಕಿದೆ.

ಹಗಲು ಹೊತ್ತು ಅವು ನೀರಿನ ನಡುವೆ, ದಡದ ಕೆಸರಿನಲ್ಲಿ ಸುಮ್ಮನೆ ಕೂತಿರುತ್ತವೆ. ಸಂಜೆ ಆದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿ ಬೆಳಿಗ್ಗೆ ವಾಪಸ್ ಬರುತ್ತವೆ. ನಾವು ಕೆರೆ ಏರಿಯ ಮೇಲೆ ನಿಂತಿದ್ದಾಗ ಎಮ್ಮೆ ಹೊಡೆದುಕೊಂಡು ಬಂದ ಒಬ್ಬ ಅಜ್ಜ, "ಇನ್ನೊಂದ್ ತಾಸು ಇರ್ರಿ. ಹೊತ್ತು ಮುಳುಗೂ ಮುಂದ ಎಲ್ಲಾ ಕೂಡೇ ಏಳತಾವು, ಅದನ್ನ ನೋಡಿ ಹೋಗ್ರಿ" ಅಂದರು. ಕಾದೆವು. ಮೊದಲು ಎಲ್ಲೋ ಒಂದೆರಡು ಕತ್ತು ಎತ್ತಿದವು. ಆಮೇಲೆ ಮೂಗಿನಲ್ಲಿ ಕೂಗಿದಂಥ ದನಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹಬ್ಬಿತು. ಒಂದು ಗುಂಪು ಎದ್ದಿತು, ಅದರ ಹಿಂದೆ ಇನ್ನೊಂದು. ನಮ್ಮ ತಲೆಯ ಮೇಲೆ ಹೋಗುವಾಗ ರೆಕ್ಕೆಯ ಸದ್ದು ಕೇಳುವಷ್ಟು ಕೆಳಗಿದ್ದವು. ಅತ್ತೆ ಕೈ ಮುಗಿದರು. ಇದನ್ನು ನೋಡದೆ ಮಾಗಡಿ ಬಿಟ್ಟು ಹೋಗಬೇಡಿ.

ಬೈನಾಕ್ಯುಲರ್ ಇದ್ದರೆ ತನ್ನಿ, ಯಾರದ್ದಾದರೂ ಕೇಳಿಯಾದರೂ ತನ್ನಿ. ಬ್ರಾಹ್ಮಿಣಿ ಬಾತು, ಬಣ್ಣದ ಕೊಕ್ಕರೆ, ಚಮಚ ಕೊಕ್ಕಿನ ಹಕ್ಕಿಗಳನ್ನೂ ಕಾಣಬಹುದು. ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಬೇಡ. ಹಾರ್ನ್ ಬೇಡ, ಡ್ರೋನ್ ಅಂತೂ ಬೇಡವೇ ಬೇಡ. ಹಕ್ಕಿ ಹಾರುವ ಫೋಟೋ ಬೇಕು ಅಂತ ಕಲ್ಲು ಎಸೆಯುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿ ಅದು, ವಿಶ್ರಾಂತಿಗೆ ಬಂದಿದೆ. ಮಳೆ ಕೈಕೊಟ್ಟ ವರ್ಷ ಕೆರೆಯಲ್ಲಿ ನೀರಿರುವುದಿಲ್ಲ, ಆಗ ಹಕ್ಕಿಗಳೂ ಕಮ್ಮಿ. ಹೊರಡುವ ಮೊದಲು ಆ ವರ್ಷದ ನೀರಿನ ಸ್ಥಿತಿ ವಿಚಾರಿಸಿಕೊಳ್ಳಿ. ಕೆರೆ ಹತ್ತಿರ ದೊಡ್ಡ ಹೋಟೆಲ್ ಇಲ್ಲ. ನೀರು, ತಿಂಡಿ ಕಟ್ಟಿಕೊಂಡೇ ಬನ್ನಿ, ಕಸ ವಾಪಸ್ ಒಯ್ಯಿರಿ.

ಲಕ್ಷ್ಮೇಶ್ವರ ಅಂದರೆ ಹಳೆಯ ಪುಲಿಗೆರೆ. ತಿರುಳ್ಗನ್ನಡದ ನಾಡು ಅಂತ ಕವಿರಾಜಮಾರ್ಗ ಹೆಸರಿಸುವ ಊರುಗಳಲ್ಲಿ ಒಂದು. ಸೋಮೇಶ್ವರ ಗುಡಿಯಲ್ಲಿ ಲಿಂಗದ ಬದಲು ನಂದಿಯ ಮೇಲೆ ಕೂತ ಶಿವ ಪಾರ್ವತಿಯರ ಮೂರ್ತಿಗೆ ಪೂಜೆ. ಇಂಥದ್ದು ಅಪರೂಪ. ಗುಡಿ ಜೀರ್ಣೋದ್ಧಾರವೂ ಚೆನ್ನಾಗಿ ಆಗಿದೆ, ಆವರಣ ಚೊಕ್ಕಟವಾಗಿದೆ. ಶಂಖ ಬಸದಿ, ಜುಮ್ಮಾ ಮಸೀದಿ, ದೂದ್ ಪೀರ್ ದರ್ಗಾ ಇದೇ ಊರಿನಲ್ಲಿವೆ. ಶಂಖ ಬಸದಿಯ ಒಳಗಿನ ಸಹಸ್ರಕೂಟವನ್ನು ನೋಡಿ: ಒಂದೇ ಕಲ್ಲಿನಲ್ಲಿ ಸಾಲುಸಾಲಾಗಿ ಪುಟ್ಟ ಜಿನಬಿಂಬಗಳು.

ಮುಂದೆ ಸವಣೂರು. ನವಾಬರ ಊರು. ಖಾರಾ ಮತ್ತು ವೀಳ್ಯದೆಲೆಗೆ ಹೆಸರುವಾಸಿ, ಎರಡನ್ನೂ ಕಟ್ಟಿಸಿಕೊಳ್ಳಿ. ದೊಡ್ಡಹುಣಸೆ ಮಠದ ಆವರಣದಲ್ಲಿ ಬಾವೋಬಾಬ್ ಮರಗಳಿವೆ, ಮೂಲ ಆಫ್ರಿಕಾ. ಬುಡವನ್ನು ತಬ್ಬಲು ನಮ್ಮ ಮನೆಮಂದಿಯೆಲ್ಲ ಕೈ ಕೈ ಹಿಡಿದರೂ ಸಾಲಲಿಲ್ಲ. ಹತ್ತು ನಿಮಿಷದ ನಿಲುಗಡೆ ಅಂದುಕೊಂಡವರು ಎಲ್ಲರೂ ಮರದ ಕೆಳಗೆ ಕೂತೇಬಿಟ್ಟೆವು.

ಬಂಕಾಪುರಕ್ಕೆ ಸಂಜೆ ನಾಲ್ಕರ ಮೇಲೆ ಅಥವಾ ಬೆಳಿಗ್ಗೆ ಬೇಗ ಹೋಗಿ. ಕೋಟೆಯೊಳಗೆ ಖಿಲಾರಿ ತಳಿಯ ದನಗಳ ಸಂವರ್ಧನಾ ಕೇಂದ್ರವಿದೆ. ದನಗಳಿಗೆ ಮೇವು ಬೆಳೆಯುವ ಜಾಗ, ಸುತ್ತ ಕಂದಕ, ಮರಗಳು. ನವಿಲುಗಳಿಗೆ ಇದು ಒಗ್ಗಿಹೋಯಿತು. 2006ರಲ್ಲಿ 139 ಎಕರೆಯನ್ನು ನವಿಲುಧಾಮ ಅಂತ ಘೋಷಿಸಿದರು. ಒಂದು ವಿಷಯ ತಿಳಿದಿರಲಿ. ಗಂಡು ನವಿಲು ಮಳೆಗಾಲ ಮುಗಿಯುವಾಗ ಉದ್ದನೆಯ ಗರಿ ಉದುರಿಸುತ್ತದೆ. ಚಳಿಗಾಲದಲ್ಲಿ ಗರಿ ಇನ್ನೂ ಬೆಳೆಯುತ್ತಿರುತ್ತದೆ. ಹಾಗಾಗಿ ಡಿಸೆಂಬರ್‌ನಲ್ಲಿ ಗರಿ ಬಿಚ್ಚಿ ಕುಣಿಯುವ ನವಿಲು ಸಿಗುತ್ತದೆ ಅಂತ ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಅದು ಬೇಕಾದರೆ ಮುಂಗಾರಿನಲ್ಲಿ ಬರಬೇಕು. ನವಿಲುಗಳು ಗೋಡೆಯಿಂದ ಮರಕ್ಕೆ ಭಾರವಾಗಿ ಹಾರುವುದು, ಮುಸ್ಸಂಜೆ ಕೊಂಬೆಯ ಮೇಲೆ ಜಾಗಕ್ಕಾಗಿ ಜಗಳಾಡುವುದು, ಇವೆಲ್ಲ ಚಳಿಗಾಲದಲ್ಲೂ ನೋಡಲು ಸಿಗುತ್ತದೆ.

ಅದೇ ಕೋಟೆಯೊಳಗೆ ನಗರೇಶ್ವರ ಗುಡಿ. ಊರವರು ಅರವತ್ತು ಕಂಬದ ಗುಡಿ ಅನ್ನುತ್ತಾರೆ. ನೆಲಮಟ್ಟಕ್ಕಿಂತ ಕೆಳಗಿದೆ, ಮೆಟ್ಟಿಲಿಳಿದು ಹೋಗಬೇಕು. ದೂರದಿಂದ ಗೊತ್ತೇ ಆಗುವುದಿಲ್ಲ. ತಿರುಗಣಿಯಲ್ಲಿ ಕಡೆದ ಕಂಬಗಳು ಈಗಲೂ ಹೊಳೆಯುತ್ತವೆ, ಸಂಜೆಯ ಬೆಳಕು ಓರೆಯಾಗಿ ಒಳಗೆ ಬಂದಾಗ ಇನ್ನೂ ಚಂದ. ಇಷ್ಟು ಒಳ್ಳೆಯ ಗುಡಿಗೆ ಇಷ್ಟು ಕಮ್ಮಿ ಜನ ಬರುತ್ತಾರಲ್ಲ ಅಂತ ನನಗೆ ಬೇಜಾರಾಯಿತು.

ಹಾವೇರಿಯಲ್ಲಿ ರಾತ್ರಿ ಉಳಿಯಲು ಅನುಕೂಲ. ಪಶ್ಚಿಮಕ್ಕೆ ಮುಖ ಮಾಡಿದ ಸಿದ್ಧೇಶ್ವರ ಗುಡಿ ನೋಡಿ, ಏಲಕ್ಕಿ ಹಾರ ಮಾಡುವ ಅಂಗಡಿಗೂ ಹೋಗಿ ಬನ್ನಿ. ಬ್ಯಾಡಗಿಗೆ ಜನವರಿ ಮೇಲೆ ಹೋದರೆ ಮೆಣಸಿನಕಾಯಿ ಮಾರುಕಟ್ಟೆ ತುಂಬಿರುತ್ತದೆ. ಸೋಮವಾರ, ಗುರುವಾರ ವಹಿವಾಟು ಜೋರು. ಕಡು ಕೆಂಪು, ಸುಕ್ಕು ಮೈ, ಖಾರ ಕಮ್ಮಿ, ಬಣ್ಣ ಜಾಸ್ತಿ. 2011ರಲ್ಲೇ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಘಾಟಿಗೆ ಮಕ್ಕಳು ಕೆಮ್ಮುತ್ತಾರೆ, ಮೂಗಿಗೆ ಕರವಸ್ತ್ರ ಇರಲಿ.

ರಾಣೇಬೆನ್ನೂರು ಕೃಷ್ಣಮೃಗ ಧಾಮ 1974ರದ್ದು, 119 ಚದರ ಕಿಲೋಮೀಟರ್. ದಟ್ಟ ಕಾಡು ಅಂತ ಅಂದುಕೊಂಡು ಬರಬೇಡಿ. ಕುರುಚಲು, ಹುಲ್ಲು, ನೀಲಗಿರಿ ತೋಪುಗಳು. ಒಂದು ಕಾಲಕ್ಕೆ ಇಲ್ಲಿ ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಕೂಡ ಇತ್ತು. ಬಯಲು ಬೇಡುವ ಆ ಹಕ್ಕಿಗೆ ನೀಲಗಿರಿ ತೋಪು ಆಗಿಬರುವುದಿಲ್ಲ. ಹುಲ್ಲುಗಾವಲೂ ಕಾಡಿನಷ್ಟೇ ಬೆಲೆಯುಳ್ಳದ್ದು ಅಂತ ನಮಗೆ ತಡವಾಗಿ ಗೊತ್ತಾಗುತ್ತಿದೆ, ಅಲ್ವಾ? ಕೃಷ್ಣಮೃಗ ಮಾತ್ರ ಉಳಿದುಕೊಂಡಿದೆ. ಗಂಡಿಗೆ ಕಪ್ಪು ಬೆನ್ನು, ಬಿಳಿ ಹೊಟ್ಟೆ, ತಿರುಚಿದ ಕೊಂಬು, ಹೆಣ್ಣು ಕಂದು. ಹೆದರಿದಾಗ ಒಂದು ನೇರ ಮೇಲಕ್ಕೆ ನೆಗೆಯುತ್ತದೆ, ಆಮೇಲೆ ಇಡೀ ಹಿಂಡು ಒಂದೊಂದಾಗಿ ನೆಗೆಯುತ್ತಾ ಓಡುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿರಿ. ಒಳಗೆ ಹೋಗುವ ವ್ಯವಸ್ಥೆಯನ್ನು ಹಿಂದಿನ ದಿನವೇ ರಾಣೇಬೆನ್ನೂರಿನ ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳಿಟ್ಟುಕೊಳ್ಳಿ. ಅಂಚಿನ ಹೊಲಗಳಲ್ಲೂ ಹಿಂಡು ಕಾಣುತ್ತದೆ, ಆದರೆ ಫೋಟೋಗಾಗಿ ಬೆಳೆ ತುಳಿಯಬೇಡಿ. ಜಿಂಕೆ ಮೇಯ್ದು ನಷ್ಟ ಅನುಭವಿಸುವವರು ಅದೇ ರೈತರು.

ಊಟದ ಚಿಂತೆ ಬೇಡ. ಎಲ್ಲ ಊರಿನಲ್ಲೂ ಖಾನಾವಳಿ ಇದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಮಧ್ಯಾಹ್ನ ಒಂದರ ಸುಮಾರಿಗೆ ಹೋದರೆ ಬಿಸಿ ರೊಟ್ಟಿ ಸಿಗುತ್ತದೆ. ಸಂಜೆಗೆ ಗಿರ್ಮಿಟ್, ಮಿರ್ಚಿ.

ಕಾರು ಇಲ್ಲದಿದ್ದರೂ ಈ ಪ್ರವಾಸ ಆಗುತ್ತದೆ. ಗದಗ, ಹಾವೇರಿ, ಬ್ಯಾಡಗಿ, ರಾಣೇಬೆನ್ನೂರಿಗೆ ರೈಲಿದೆ. ಲಕ್ಷ್ಮೇಶ್ವರ, ಸವಣೂರಿಗೆ ಬಸ್ಸೇ ಗತಿ, ಬಸ್ಸುಗಳು ಸಿಗುತ್ತವೆ. ರಾಜ್ಯದ ಹೆಣ್ಣುಮಕ್ಕಳು ಶಕ್ತಿ ಯೋಜನೆಯಲ್ಲಿ ಟಿಕೆಟ್ ಹಣ ಕೊಡದೆ ಹೋಗಬಹುದು, ಆಧಾರ್ ಕಾರ್ಡ್ ಜೊತೆಗಿರಲಿ. ಕಷ್ಟ ಇರುವುದು ಬೆಳಗಿನ ಜಾವ ಮತ್ತು ಕತ್ತಲಾದ ಮೇಲೆ. ಮಾಗಡಿಯ ಸಂಜೆಗೆ, ರಾಣೇಬೆನ್ನೂರಿನ ಬೆಳಗಿಗೆ ಮಾತ್ರ ಹೋಗಿ ಬರುವ ಬಾಡಿಗೆ ಗಾಡಿ ಮಾತಾಡಿಕೊಳ್ಳಿ. ಕಾಯುವ ಹೊತ್ತನ್ನೂ ಸೇರಿಸಿ ಬಾಡಿಗೆ ಮೊದಲೇ ಗಟ್ಟಿ ಮಾಡಿ.

ರಜೆ ಕಮ್ಮಿ ಇದ್ದು ಏನಾದರೂ ಬಿಡಬೇಕು ಅಂತಾದರೆ ಗದಗ ಊರೊಳಗಿನದನ್ನು ಮತ್ತು ಬ್ಯಾಡಗಿಯನ್ನು ಬಿಡಿ. ಲಕ್ಕುಂಡಿಯ ಮಧ್ಯಾಹ್ನ, ಮಾಗಡಿಯ ಸಂಜೆ, ರಾತ್ರಿ ಲಕ್ಷ್ಮೇಶ್ವರದಲ್ಲಿ. ಮರುದಿನ ಸೋಮೇಶ್ವರನನ್ನು ನೋಡಿ ಸವಣೂರು ಮೇಲೆ ಹಾಯ್ದು ಬಂಕಾಪುರಕ್ಕೆ ನಾಲ್ಕರ ಒಳಗೆ ಸೇರಿ. ಶನಿವಾರ, ಭಾನುವಾರ ಎರಡೇ ದಿನ ಸಿಗುವವರೂ ಇಷ್ಟನ್ನು ಅವಸರವಿಲ್ಲದೆ ನೋಡಬಹುದು.